ಸೊಟ್ಟ ಹಲ್ಲೇ ಬೇಕು ಎಂದ ಟ್ರಂಪೆಟ್ ಮಾಸ್ತರರು

“ಉಣ್ಣಾಕ ಹಲ್ಲ ಬ್ಯಾಡ್ರಿ ಅಕ್ಕಾರ. ಊದಾಕ ಬೇಕ್ರಿ.”

ಕುರ್ಚಿಗೆ ಒರಗುವ ಮೊದಲೇ ಅವರು ಆಡಿದ ಮಾತು ಇದು.

ಶಿಗ್ಗಾಂವಿಯಲ್ಲಿ ನಾನು ಹಲ್ಲಿನ ದವಾಖಾನೆ ಇಟ್ಟು ಇಪ್ಪತ್ತು ವರ್ಷ ದಾಟಿತು. ಚಕ್ಕುಲಿ ಕಡಿಯಲು ಹಲ್ಲು ಕೇಳಿಕೊಂಡು ಬಂದವರಿದ್ದಾರೆ. ಬೀಗರೆದುರು ಬಾಯಿ ಬಿಟ್ಟು ನಗಲು ಹಲ್ಲು ಬೇಕೆಂದವರಿದ್ದಾರೆ. ಬರೀ ಫೋನಿನಲ್ಲಿ ಮಾತು ಸ್ಪಷ್ಟವಾಗಲಿ ಎಂದು ಬಂದ ಒಬ್ಬ ವಕೀಲರೂ ಇದ್ದಾರೆ. ಆದರೆ ಊದಲು? ಇವರೇ ಮೊದಲು.

ಹೆಸರು ಖಾಸಿಂಸಾಬ. ಸವಣೂರಿನವರು. ವಯಸ್ಸು ಅರವತ್ತರ ಹತ್ತಿರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಹಸಿರು ಬಟ್ಟೆಯಲ್ಲಿ ಸುತ್ತಿದ ಏನೋ ಒಂದು ಗಂಟು. ಮೂವತ್ತೈದು ವರ್ಷದಿಂದ ಮದುವೆ ಮೆರವಣಿಗೆಗಳಲ್ಲಿ ಟ್ರಂಪೆಟ್ ಊದುತ್ತಿರುವ ಬ್ಯಾಂಡ್ ಮಾಸ್ತರರು. ಬಾಯಿ ತೆರೆದರೆ ಮೇಲಿನ ಸಾಲಿನ ನಟ್ಟನಡುವಿನ ಎರಡು ಹಲ್ಲು ಇಲ್ಲ.

“ಹ್ಯಾಂಗ ಹೋದ್ವು?” ಎಂದೆ.

“ಬೈಕಿನ ಹಿಂದ ಕುಂತಿದ್ನ್ರಿ. ಹಂಪ್ ಕಾಣಲಿಲ್ಲ, ಗಾಡಿ ಹಾರಿಬಿಡ್ತು. ಟ್ರಂಪೆಟ್ ನೆಲಕ್ಕ ಬಡೀಬಾರ್ದು ಅಂತ ಎರಡೂ ಕೈ ಮ್ಯಾಲ ಎತ್ತಿದ್ನ್ರಿ. ಮಾರಿ ಊರಿಕೊಂಡು ಬಿದ್ನಿ.”

ಅಂದರೆ, ಬೀಳುವಾಗ ಮನುಷ್ಯ ಕೈ ಊರಿ ಮುಖ ಉಳಿಸಿಕೊಳ್ಳುತ್ತಾನಲ್ಲ, ಇವರು ಮುಖ ಊರಿ ವಾದ್ಯ ಉಳಿಸಿಕೊಂಡಿದ್ದರು. ಹಸಿರು ಬಟ್ಟೆ ಬಿಚ್ಚಿ ತೋರಿಸಿದರು. ಟ್ರಂಪೆಟ್ಟಿಗೆ ಒಂದು ಗೀರೂ ಇರಲಿಲ್ಲ.

ಇದು ನಡೆದು ಎರಡು ತಿಂಗಳಾಗಿತ್ತು. ಮುರಿದುಳಿದ ಬೇರುಗಳನ್ನು ಹುಬ್ಬಳ್ಳಿಯಲ್ಲಿ ತೆಗೆಸಿಕೊಂಡಿದ್ದರು. ವಸಡು ಚೆನ್ನಾಗಿ ಮಾಗಿತ್ತು. ಸ್ಕ್ರೂ ಹಾಕಿ ಕೂರಿಸುವ ಹಲ್ಲಾದರೆ ಎಲುಬು ಕೂಡಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕು. ಹಾಕಿ ತೆಗೆಯುವ ಪ್ಲೇಟಾದರೆ ಬೇಗ ಆಗುತ್ತದೆ. ಆದರೆ ಪ್ಲೇಟ್ ಹಾಕಿಕೊಂಡು ಟ್ರಂಪೆಟ್ ಊದುವುದೇ? ನಾನು ನನ್ನ ಎಂದಿನ ಉಪದೇಶ ಶುರು ಮಾಡಿದೆ.

“ಖಾಸಿಂಸಾಬ್ರ, ವಯಸ್ಸಾತು. ಇನ್ನ ಬ್ಯಾರೆಯವ್ರು ಊದಲಿ. ನೀವು ಆರಾಮ ಇರ್ರಿ.”

ಅವರು ಬಹಳ ಮರ್ಯಾದೆಯಿಂದ ಕೇಳಿದರು. “ನೀವು ಯಾವಾಗ ಬಿಡ್ತೀರ್ರಿ ಡಾಕ್ಟರಕಿ?”

ನಾನು ಕೈಗವಸು ಹಾಕಿಕೊಂಡೆ.

ಟ್ರಂಪೆಟ್ಟಿಗೂ ಹಲ್ಲಿಗೂ ಏನು ಸಂಬಂಧ ಎಂಬುದನ್ನು ಕಾಲೇಜಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಖಾಸಿಂಸಾಬರು ಹೇಳಿಕೊಟ್ಟರು. ವಾದ್ಯದ ತುದಿಯ ಪುಟ್ಟ ಬಟ್ಟಲನ್ನು ತುಟಿಗೆ ಒತ್ತಿ ಹಿಡಿಯಬೇಕು. ತುಟಿ ನಡುಗಿದರೆ ಸ್ವರ. ಆ ತುಟಿಗೆ ಹಿಂದಿನಿಂದ ಆಸರೆ ಕೊಡುವುದು ಮುಂಬದಿಯ ಹಲ್ಲು.

“ತುಟಿ ಅಂದ್ರ ಪಡದಾ ಇದ್ದಂಗ್ರಿ. ಹಲ್ಲ ಅಂದ್ರ ಗ್ವಾಡಿ. ಗ್ವಾಡಿನ ಇಲ್ಲಂದ್ರ ಪಡದಾ ಎಲ್ಲಿ ಹಾಕೂದ್ರಿ?”

ಹೇಳಿದ್ದಷ್ಟೇ ಅಲ್ಲ, ಊದಿ ತೋರಿಸಿದರು. ಕುಕ್ಕರ್ ಕೂಗುವ ಮುನ್ನ ಬರುತ್ತದಲ್ಲ, ಆ ಥರದ ಬರೀ ಗಾಳಿ ಬಂತು. ಜೊತೆಗೆ ಎಂಜಲು. ಬಾಗಿಲ ಬಳಿ ನಿಂತಿದ್ದ ನನ್ನ ಸಹಾಯಕಿ ಶಾಂತಾ ಕಿಸಕ್ಕೆಂದಳು. ಮಾಸ್ತರರು ಅವಳತ್ತ ನೋಡಲಿಲ್ಲ. ಟ್ರಂಪೆಟ್ಟನ್ನು ಅಂಗಿಯ ತೋಳಿನಿಂದ ಒರೆಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಶಾಂತಾಳ ಮುಖ ಸಣ್ಣದಾಯಿತು. ನನ್ನದೂ.

“ಮೂರ ವಾರ ಟೈಮ್ ಐತ್ರಿ” ಎಂದರು.

ಯಾಕೆ ಮೂರೇ ವಾರ? ಅದಕ್ಕೊಂದು ಕಾರಣವಿತ್ತು. ಅವರ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತಿದ್ದವರು ಹಾನಗಲ್ಲಿನ ಶಂಕ್ರಪ್ಪ. ಇಪ್ಪತ್ತೇಳು ವರ್ಷ ಖಾಸಿಂಸಾಬರ ಬಲಗಡೆಗೆ ನಿಂತು ಬಾರಿಸಿದವರು. ಎರಡು ವರ್ಷದ ಹಿಂದೆ ಎದೆನೋವು ಬಂದು ತೀರಿಕೊಂಡರು. ಈಗ ಅವರ ಮಗಳು ಲಕ್ಷ್ಮಿಯ ಮದುವೆ. ಗಂಡಿನ ಕಡೆಯವರಿಗೆ ಡಿಜೆ ಬೇಕಿತ್ತು. ಆ ಹುಡುಗಿ ಒಂದೇ ಮಾತು ಹೇಳಿದ್ದಳಂತೆ: ನಮ್ಮಪ್ಪನ ಬ್ಯಾಂಡ್ ಇಲ್ಲದಿದ್ದರೆ ಮೆರವಣಿಗೆಯೇ ಬೇಡ.

“ನಮ್ಮ ಸಲುವಾಗಿ ಬೀಗರ ಕೂಡ ಜಗಳಾ ಆಡ್ಯಾಳ್ರಿ ಆ ಹುಡಿಗಿ. ಈಗ ನಾ ಬೊಚ್ಚ ಬಾಯಿ ತಗೊಂಡ ಅಕಿ ಮುಂದ ಹ್ಯಾಂಗ್ ನಿಂದರ್ಲಿ?”

ಹೇಗೆ ನಿಲ್ಲುವುದು? ನಾನು ಪ್ಲೇಟಿಗೆಂದು ಅವರ ಬಾಯಿಯ ಅಚ್ಚು ತೆಗೆದುಕೊಂಡೆ.

ಐದು ದಿನದಲ್ಲಿ ಹಲ್ಲು ತಯಾರಾದವು. ಬಹಳ ಚೆನ್ನಾಗಿ ಬಂದಿದ್ದವು. (ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳುವುದು ಈ ಅಂಕಣ ಓದುವ ನಿಮಗೆ ಹೊಸದಲ್ಲ, ಸಹಿಸಿಕೊಳ್ಳಿ.) ನೇರ, ಒಂದಕ್ಕೊಂದು ಸಮ, ಪಕ್ಕದ ಹಲ್ಲಿನದೇ ಬಣ್ಣ. ಕನ್ನಡಿ ಹಿಡಿದೆ. ಖಾಸಿಂಸಾಬರು ನೋಡಿಕೊಂಡರು, ನಕ್ಕರು, ಟ್ರಂಪೆಟ್ ಎತ್ತಿ ಊದಿದರು.

ಆಡಿನ ಮರಿ ಅತ್ತ ಹಾಗೆ ಏನೋ ಒಂದು ಬಂತು.

ಮತ್ತೆ ಊದಿದರು. ಮತ್ತೆ ಅದೇ. ಹತ್ತು ಸಲ ಊದಿರಬೇಕು. ಹೊರಗೆ ಕೂತಿದ್ದ ಪೇಷಂಟುಗಳೆಲ್ಲ ಬಾಗಿಲಿಗೆ ಬಂದು ನಿಂತರು. ಕೊನೆಗೆ ಅವರು ಟ್ರಂಪೆಟ್ ಕೆಳಗಿಟ್ಟು, ನನಗೆ ನೋವಾಗಬಾರದು ಎಂಬಂತೆ ಮೆಲ್ಲಗೆ ಹೇಳಿದರು.

“ಭಾಳ ಚಂದ ಅದಾವ್ರಿ ಅಕ್ಕಾರ. ಸಿನಿಮಾದವ್ರ ಹಲ್ಲ ಆದಂಗ ಅದಾವು. ಆದ್ರ ಇವು ನನ್ನ ಹಲ್ಲ ಅಲ್ರಿ.”

“ನಿಮ್ಮವು ಹ್ಯಾಂಗ ಇದ್ದುವು?”

“ಸೊಟ್ಟ ಇದ್ದುವ್ರಿ. ಒಂದ ಹಲ್ಲ ಇನ್ನೊಂದರ ಮ್ಯಾಲ ಏರಿತ್ತು. ಅವೆರಡೂ ಕೂಡೂ ಕಡೆ ಒಂದ ತಗ್ಗ ಇತ್ತು ನೋಡ್ರಿ, ಬಟ್ಟಲಾ ಸೀದಾ ಅಲ್ಲೇ ಹೋಗಿ ಕುಂದರ್ತಿತ್ತು. ಮೂವತ್ತೈದ ವರ್ಷ ಅಲ್ಲೇ ಕುಂತೈತಿ. ಈಗ ತುಟಿ ಅದನ್ನ ಹುಡಕಾಕತ್ತೈತಿ, ಸಿಗವಲ್ದು.” ಹಲ್ಲು ತೆಗೆದು ನನ್ನ ಕೈಗಿಟ್ಟು ಸೇರಿಸಿದರು. “ನೀವು ಸೊಟ್ಟ ಮಾಡ್ರಿ.”

ಸೊಟ್ಟ ಮಾಡಿ! ಇಪ್ಪತ್ತು ವರ್ಷದಿಂದ ಶಿಗ್ಗಾಂವಿ, ಬಂಕಾಪುರ, ಸವಣೂರಿನ ಮಕ್ಕಳ ಬಾಯಿಗೆ ತಂತಿ ಕಟ್ಟಿ ಕಟ್ಟಿ ಸೊಟ್ಟ ಹಲ್ಲು ನೆಟ್ಟಗೆ ಮಾಡಿದವಳು ನಾನು. ನನ್ನ ಬೋರ್ಡಿನ ಮೇಲೇ ಹಾಗೆಂದು ಬರೆದಿದೆ. ಈಗ ಒಬ್ಬರು ಬಂದು, ಅದೇ ಕುರ್ಚಿಯಲ್ಲಿ ಕೂತು, ಸೊಟ್ಟ ಹಲ್ಲು ಕೊಡಿ ಎನ್ನುತ್ತಿದ್ದಾರೆ.

ಸರಿ, ಮಾಡೋಣ. ಆದರೆ ಎಷ್ಟು ಸೊಟ್ಟ? ಯಾವ ಹಲ್ಲು ಯಾವುದರ ಮೇಲೆ? ಎತ್ತ ತಿರುಗಿತ್ತು? ಒಂದು ಕೂದಲೆಳೆ ಆಚೀಚೆಯಾದರೂ ಬಟ್ಟಲು ಕೂರುವುದಿಲ್ಲ. ಹಳೆಯ ಹಲ್ಲು ರಸ್ತೆಯಲ್ಲಿ ಹೋದವು. ಹಳೆಯ ಅಚ್ಚು ಇಲ್ಲ. ಉಳಿದದ್ದು ಒಂದೇ ದಾರಿ, ಫೋಟೋ.

“ನಕ್ಕಿದ್ದ ಫೋಟೋ ಒಂದ ತರ್ರಿ” ಎಂದೆ.

ಮರುದಿನ ಒಂದು ಕ್ಯಾರಿಬ್ಯಾಗ್ ತುಂಬ ಫೋಟೋ ತಂದರು. ಟೇಬಲ್ ಮೇಲೆ ಹರಡಿದೆವು. ಕೆಂಪು ಯೂನಿಫಾರ್ಮಿನಲ್ಲಿ ಖಾಸಿಂಸಾಬ, ಬಾಯಿಗೆ ಟ್ರಂಪೆಟ್. ನೀಲಿ ಯೂನಿಫಾರ್ಮಿನಲ್ಲಿ ಖಾಸಿಂಸಾಬ, ಬಾಯಿಗೆ ಟ್ರಂಪೆಟ್. ಮಳೆಯಲ್ಲಿ, ಬಿಸಿಲಲ್ಲಿ, ಕುದುರೆಯ ಮುಂದೆ, ಟ್ರ್ಯಾಕ್ಟರಿನ ಮುಂದೆ, ಬಾಯಿಗೆ ಟ್ರಂಪೆಟ್. ಅವರದೇ ಮದುವೆಯ ಫೋಟೋದಲ್ಲಿ ಬಾಯಿ ಬಿಗಿ ಮುಚ್ಚಿದೆ. ಆಧಾರ್ ಕಾರ್ಡಿನಲ್ಲಿ ಮುಚ್ಚಿದೆ. ವೋಟರ್ ಕಾರ್ಡಿನಲ್ಲಿರುವುದು ಮನುಷ್ಯ ಎಂಬುದೇ ಅನುಮಾನ.

“ಇಷ್ಟ ವರ್ಷದಾಗ ಎಷ್ಟ ಮದವಿ ಫೋಟೋದಾಗ ಬಂದೀರಿ, ನಕ್ಕಿದ್ದ ಒಂದೂ ಇಲ್ಲೇನ್ರಿ?”

“ಊದೂ ಮುಂದ ನಗಾಕ ಬರೂದಿಲ್ರಿ. ಊದೂದ ಮುಗದ ಮ್ಯಾಲೆ ನಮ್ಮ ಫೋಟೋ ಯಾರ ತಗೀತಾರ್ರಿ?”

ದೂರಿನಂತೆ ಹೇಳಲಿಲ್ಲ. ಇವತ್ತು ಸೋಮವಾರ ಎಂದಂತೆ ಹೇಳಿದರು. ಅದಕ್ಕೇ ನನಗೆ ಸರಿಯಾಗಿ ತಾಗಿತು.

ಆವತ್ತು ಮನೆಗೆ ಹೋದವಳೇ ನನ್ನ ಮದುವೆಯ ಆಲ್ಬಮ್ ತೆಗೆದೆ. ನನ್ನ ಮದುವೆ ಆದದ್ದು ಹಿರೇಕೆರೂರಿನಲ್ಲಿ. ಸವಣೂರಿನ ಬ್ಯಾಂಡ್ ಬಂದಿತ್ತು ಎಂಬ ನೆನಪು ಮಸುಕಾಗಿತ್ತು. ಹುಡುಕಿದೆ. ನಾನು ಮತ್ತು ನನ್ನ ಗಂಡ ಕಾರಿನಿಂದ ಇಳಿಯುತ್ತಿರುವ ದೊಡ್ಡ ಫೋಟೋ. ಅದರ ಎಡಗಡೆಯ ಅಂಚಿನಲ್ಲಿ ಬಂಗಾರದ ಪಟ್ಟಿಯ ಒಂದು ನೀಲಿ ತೋಳು. ಅಷ್ಟೇ. ಅಲ್ಲಿಗೆ ಫೋಟೋ ಮುಗಿದಿದೆ.

ಮುಗಿದಿದ್ದಲ್ಲ, ಮುಗಿಸಿದ್ದು. ನನಗೆ ನೆನಪಾಯಿತು. ಸ್ಟುಡಿಯೋದವನಿಗೆ ನಾನೇ ಹೇಳಿದ್ದೆ. “ಬ್ಯಾಂಡಿನವ್ರನ್ನ ತಗದ ಬಿಡ್ರಿ, ನಮ್ಮ ಮಂದಿ ಅಷ್ಟ ಇರಲಿ.”

ಗಂಡನಿಗೆ ತೋರಿಸಿದೆ. ಅವರು ನೋಡಿ ಆಲ್ಬಮ್ ನನ್ನ ಕೈಗೇ ಕೊಟ್ಟರು. ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಕತ್ತರಿಸಿ ಬಿಸಾಡಿದ ಆ ತುಂಡಿನಲ್ಲಿ ಖಾಸಿಂಸಾಬರು ನಗುತ್ತಿದ್ದರೋ ಏನೋ. ಅದು ತಿಳಿಯುವ ದಾರಿ ಈಗಿಲ್ಲ. ಆ ನೆಗೆಟಿವೂ ಇಲ್ಲ, ಆ ಸ್ಟುಡಿಯೋವೂ ಇಲ್ಲ. ನಾನು ವಾರವಾರ ಈ ಜಾಗದಲ್ಲಿ ಕೂತು ಲೋಕಕ್ಕೆಲ್ಲ ಬುದ್ಧಿ ಹೇಳುತ್ತೇನಲ್ಲ, ಆ ವಾರ ಬರೆಯಲು ಕೂತರೆ ಕೈ ಏಳಲಿಲ್ಲ.

ದಾರಿ ತೋರಿಸಿದ್ದು ಶಾಂತಾ. ಮೊದಲ ದಿನ ನಕ್ಕವಳಲ್ಲವೇ, ಅದನ್ನು ತೀರಿಸಿಕೊಳ್ಳಬೇಕು ಅನ್ನಿಸಿರಬೇಕು. ಮಾಸ್ತರರನ್ನು ಕೇಳಿ, ಒಪ್ಪಿಸಿ, ಅವರದೊಂದು ಫೋಟೋ ಹಾಕಿ ವಾಟ್ಸಾಪ್ ಸ್ಟೇಟಸ್ ಇಟ್ಟಳು. “ನಿಮ್ಮ ಮನೆಯ ಮದುವೆ ಫೋಟೋದಲ್ಲಿ ಈ ಬ್ಯಾಂಡ್ ಮಾಸ್ತರರು ನಗುತ್ತಿದ್ದರೆ ದಯವಿಟ್ಟು ಕಳಿಸಿ. ಹಲ್ಲು ಕಾಣಬೇಕು.” ಅವಳ ಅಕ್ಕ ಅದನ್ನು ಮುಂದೆ ಕಳಿಸಿದಳು. ಅಕ್ಕನ ಮೈದುನ ಹಾನಗಲ್ಲಿನ ಗ್ರೂಪಿಗೆ ಹಾಕಿದ. ಆಮೇಲೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಫೋಟೋಗಳು ಬಂದವು ನೋಡಿ! ಸವಣೂರು, ಹಾನಗಲ್ಲು, ಹಿರೇಕೆರೂರು, ಹೈವೇ ಪಕ್ಕದ ಹಳ್ಳಿಗಳು. ಶಾಂತಾಳ ಫೋನ್ ಬಿಸಿಯಾಗಿ ಎರಡು ಸಲ ಆಫ್ ಮಾಡಬೇಕಾಯಿತು. ಎಲ್ಲ ಫೋಟೋದಲ್ಲೂ ಖಾಸಿಂಸಾಬ. ಕೂದಲು ಕಪ್ಪಿದ್ದಾಗ, ಅರ್ಧ ಬೆಳ್ಳಗಾದಾಗ, ಪೂರ್ತಿ ಬೆಳ್ಳಗಾದಾಗ. ಒಬ್ಬ ಮನುಷ್ಯನ ಇಡೀ ಪ್ರಾಯ ಗುರುತಿಲ್ಲದವರ ಆಲ್ಬಮ್ಮುಗಳಲ್ಲಿ ಹಂಚಿಹೋಗಿತ್ತು. ಮದುಮಕ್ಕಳು ಬೇರೆ ಬೇರೆ, ಮುಂದೆ ನಿಂತವರು ಬೇರೆ ಬೇರೆ. ಅಂಚಿನಲ್ಲಿ ಮಾತ್ರ ಅದೇ ಮನುಷ್ಯ, ಅದೇ ಉಬ್ಬಿದ ಕೆನ್ನೆ.

ಹಲ್ಲು? ಒಂದರಲ್ಲೂ ಇಲ್ಲ.

ನಾಲ್ಕನೆಯ ದಿನ ಹಿರೇಬೆಂಡಿಗೇರಿಯಿಂದ ಒಬ್ಬ ಹೆಣ್ಣುಮಗಳು ಬಸ್ಸಿನಲ್ಲಿ ಬಂದಳು. ಹೆಸರು ಗಿರಿಜವ್ವ. ಪೇಷಂಟ್ ಅಲ್ಲ. (“ನನ್ನ ಹಲ್ಲ ಎಲ್ಲಾ ಗಟ್ಟಿ ಅದಾವ್ರಿ” ಎಂದು ಬಾಗಿಲಲ್ಲೇ ಹೇಳಿಬಿಟ್ಟಳು, ನಾನೆಲ್ಲಿ ಕುರ್ಚಿಗೆ ಕೂರಿಸುತ್ತೇನೋ ಎಂದು.) ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ, ಗೋಡೆಗೆ ತೂಗುಹಾಕುವ ಫ್ರೇಮಿನ ಫೋಟೋ.

ಅವಳದೇ ಮದುವೆಯ ಫೋಟೋ. ಗಂಡ ಕುದುರೆಯ ಮೇಲೆ. ಕುದುರೆಯ ಮೂತಿಯ ಪಕ್ಕದಲ್ಲಿ ಬ್ಯಾಂಡಿನವರಿಬ್ಬರು. ಒಬ್ಬರು ಹೊಟ್ಟೆಯ ಮೇಲೆ ದೊಡ್ಡ ಡ್ರಮ್ ಕಟ್ಟಿಕೊಂಡು, ಇನ್ನೊಬ್ಬರ ಕಿವಿಯತ್ತ ಬಾಗಿ ಏನೋ ಹೇಳುತ್ತಿದ್ದಾರೆ. ಆ ಇನ್ನೊಬ್ಬರು ಟ್ರಂಪೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ತಲೆ ಹಿಂದಕ್ಕೆ ಎತ್ತಿ, ಬಾಯಿ ತುಂಬ ನಗುತ್ತಿದ್ದಾರೆ. ಎಡಗಡೆಯ ಹಲ್ಲು ಬಲಗಡೆಯದರ ಮೇಲೆ ಚೂರೇ ಚೂರು ಏರಿದೆ.

“ಇಪ್ಪತ್ತ ವರ್ಷ ಆತ್ರಿ, ನಮ್ಮ ಪಡಸಾಲ್ಯಾಗ ನಕ್ಕೋಂತ ನಿಂತಾರ ಇವ್ರು” ಎಂದಳು ಗಿರಿಜವ್ವ. “ನನ್ನ ಮಕ್ಕಳು ನಗೂ ಕಾಕಾ ಅಂತಾರ್ರಿ. ಯಾರಾರ ಸಿಟ್ಟ ಮಾಡ್ಕೊಂಡ್ರ, ಹೋಗಿ ನಗೂ ಕಾಕಾನ ಮಾರಿ ನೋಡಿ ಬಾ ಅಂತೇನಿ ನಾನೂ. ಅವ್ರ ಹೆಸರ ಖಾಸಿಂಸಾಬ ಅಂತ ಮೊನ್ನಿ ಗೊತ್ತಾತು.”

ಫ್ರೇಮಿನ ಹಿಂಬದಿಯ ಮೊಳೆ ತೆಗೆದು, ಫೋಟೋ ಬಿಡಿಸಿ ಕೊಟ್ಟಳು. ನಾನು ಕೇಳದೇ ಕೊಟ್ಟಳು. “ಕೆಲಸಾ ಮುಗದ ಮ್ಯಾಲೆ ಕಳಸ್ರಿ, ಗ್ವಾಡಿ ಬಣಬಣ ಅಂತೈತಿ” ಎಂದು ಹೋದಳು.

ಸಂಜೆ ಮಾಸ್ತರರು ಬಂದರು. ಫೋಟೋ ಕೈಗೆ ಕೊಟ್ಟೆ. ಮೊದಲು ತಮ್ಮ ಹಲ್ಲು ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಅವರ ಬೆರಳು ಡ್ರಮ್ಮಿನವರ ಮುಖದ ಮೇಲೆ ಹೋಗಿ ನಿಂತಿತು.

“ಶಂಕ್ರಪ್ಪ” ಎಂದರು.

ಫೋಟೋ ಕಣ್ಣಿನ ಹತ್ತಿರ ತಂದುಕೊಂಡರು. ಹಣೆ ಗಂಟಿಕ್ಕಿತು.

“ಏನಂದಿದ್ದ ಅಂತ ನೆನಪಾಗವಲ್ದ್ರಿ. ಇಷ್ಟ ನಗೂವಂಥಾದ್ದು ಏನಂದಿದ್ದ?”

ಶಾಂತಾ ನೀರು ತಂದುಕೊಟ್ಟಳು. ಕುಡಿದರು. ಆಮೇಲೆ ಫೋಟೋ ನನ್ನ ಕೈಗಿಟ್ಟು, ತಾವೇ ಹೋಗಿ ಕುರ್ಚಿಯಲ್ಲಿ ಒರಗಿ, ಬಾಯಿ ತೆರೆದರು. “ನಡೀರಿ ಅಕ್ಕಾರ, ಹಲ್ಲ ನೋಡ್ರಿ. ಟೈಮ್ ಇಲ್ಲ.”

ಫೋಟೋ ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿದೆ. ಪಕ್ಕದ ಹಲ್ಲುಗಳ ಅಳತೆ ಹಿಡಿದು ಹಳೆಯ ಹಲ್ಲಿನ ಓರೆ ಲೆಕ್ಕ ಹಾಕಿದೆ. ಮೇಣದಲ್ಲಿ ಮಾಡಿ, ಬಾಯಲ್ಲಿಟ್ಟು ನೋಡಿ, ಕೆರೆದು, ಮತ್ತೆ ಇಟ್ಟು ನೋಡಿ ಹುಬ್ಬಳ್ಳಿಯ ಲ್ಯಾಬಿಗೆ ಕಳಿಸಿದೆ. ಅಲ್ಲಿಂದ ಟೆಕ್ನೀಷಿಯನ್ ಫೋನ್ ಮಾಡಿದ.

“ಮೇಡಂ, ಹಲ್ಲ ವಾರಿ ಬಂದಾವ್ರಿ. ಸೀದಾ ಮಾಡಿ ಕಳಸ್ಲೇನ್ರಿ?”

“ಮುಟ್ಟಬ್ಯಾಡ!” ಎಂದು ಕೂಗಿದೆ. ಕುರ್ಚಿಯಲ್ಲಿದ್ದ ಬಡಪಾಯಿ ಪೇಷಂಟ್ ತನಗೇ ಹೇಳಿದೆ ಎಂದುಕೊಂಡು ಕೈ ಹಿಂದೆಗೆದುಕೊಂಡ.

ಹೊಸ ಹಲ್ಲು ಬಂದವು. ಅಂಗುಳಕ್ಕೆ ತಾಗುವ ಪ್ಲೇಟನ್ನು ಎಷ್ಟು ತೆಳ್ಳಗೆ ಮಾಡಲು ಸಾಧ್ಯವೋ ಅಷ್ಟು ತೆಳ್ಳಗೆ ಮಾಡಿದ್ದೆ, ನಾಲಿಗೆ ಆಡಲಿ ಎಂದು. ಖಾಸಿಂಸಾಬರು ಹಾಕಿಕೊಂಡರು. ಕನ್ನಡಿ ಬೇಡವೆಂದರು. ಕಣ್ಣು ಮುಚ್ಚಿ ಟ್ರಂಪೆಟ್ ತುಟಿಗಿಟ್ಟರು. ಬಟ್ಟಲನ್ನು ಚೂರು ಎಡಕ್ಕೆ, ಚೂರು ಮೇಲಕ್ಕೆ ಸರಿಸಿದರು. ಒಂದು ಕಡೆ ಅದು ನಿಂತಿತು.

ಸ್ವರ ಬಂತು.

ಆ ಸಣ್ಣ ರೂಮಿನಲ್ಲಿ ಟ್ರಂಪೆಟ್ ಕೇಳಿದ್ದೀರಾ? ಕಿಟಕಿಯ ಗಾಜು ನಡುಗಿತು. ಹೊರಗೆ ಕೂತವರು ಚಪ್ಪಾಳೆ ತಟ್ಟಿದರು, ಅವರಲ್ಲಿ ಇಬ್ಬರು ಕೆನ್ನೆ ಹಿಡಿದುಕೊಂಡೇ. ನಾನು ಗೆದ್ದೆ ಅಂದುಕೊಂಡೆ.

ಆದರೆ ಮಾಸ್ತರರು ಮೇಲಿನ ಸ್ವರಕ್ಕೆ ಹೋದರು. ಒಡೆಯಿತು. ಮತ್ತೆ ಹೋದರು, ಮತ್ತೆ ಒಡೆಯಿತು. ಮೇಲಿನ ಸ್ವರಕ್ಕೆ ತುಟಿಯನ್ನು ಗಟ್ಟಿ ಒತ್ತಬೇಕು. ಒತ್ತಿದರೆ ಪ್ಲೇಟ್ ಅಲುಗುತ್ತದೆ. ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ. ಹಾಗೆಂದು ಹೇಳಿದೆ. ಮದುವೆಗೆ ಎಂಟೇ ದಿನ ಉಳಿದಿತ್ತು.

ಅವರು ಸ್ವಲ್ಪ ಯೋಚಿಸಿದರು. “ನನಗ ಮ್ಯಾಲ ಹೋಗಾಕ ಬರವಲ್ದು ಅಂದ್ರ, ಎಲ್ಲಾರೂ ಕೆಳಗ ಇಳೀತೇವ್ರಿ” ಎಂದರು.

ಹಾಗೆಂದರೆ ಏನು ಎಂದು ನನಗೆ ತಿಳಿದದ್ದು ಆ ಭಾನುವಾರ ಸವಣೂರಿಗೆ ಹೋದಾಗ. ಬಾಗಿಲು ಹಾಕಿದ ಒಂದು ಹಳೆಯ ಎಣ್ಣೆ ಗಿರಣಿಯಲ್ಲಿ ಅವರ ಪ್ರ್ಯಾಕ್ಟೀಸು. ಹನ್ನೊಂದು ಜನ. ಒಬ್ಬರು ಟೇಲರ್, ಒಬ್ಬರು ವೀಳ್ಯದೆಲೆ ಮಾರುವವರು, ಒಬ್ಬರು ಸೈಕಲ್ ರಿಪೇರಿಯವರು, ಉಳಿದವರು ಹೊಲದ ಕೆಲಸದವರು. ಇಷ್ಟು ವರ್ಷ ಊದುತ್ತಿದ್ದ ಹಾಡುಗಳನ್ನೆಲ್ಲ ಒಂದು ಮೆಟ್ಟಿಲು ಕೆಳಗಿಳಿಸಿ ಕಲಿಯುತ್ತಿದ್ದರು. ನಾವು ಹಾಡುವಾಗ ಸ್ವರ ಇಳಿಸುವುದು ಸುಲಭ. ವಾದ್ಯದಲ್ಲಿ ಹಾಗಲ್ಲ. ಬೆರಳುಗಳೆಲ್ಲ ಬದಲು. ಕೈಗೆ ಕಣ್ಣು ಮುಚ್ಚಿ ಗೊತ್ತಿದ್ದ ದಾರಿಯನ್ನು ಮರೆತು ಹೊಸದು ಕಲಿಯಬೇಕು. ಕ್ಲಾರಿನೆಟ್ಟಿನವರು ತಪ್ಪಿ ತಪ್ಪಿ, ಮತ್ತೆ ಮೊದಲಿನಿಂದ ಊದುತ್ತಿದ್ದರು. ಎಲ್ಲರ ಅಂಗಿಯೂ ಬೆವರಿನಲ್ಲಿ ತೊಯ್ದಿತ್ತು. ಒಬ್ಬರೂ ಗೊಣಗಲಿಲ್ಲ.

ಎರಡನೆಯ ಟ್ರಂಪೆಟ್ ಗೊಟಗೋಡಿಯ ನಿಂಗಪ್ಪ. ನಲವತ್ತರ ಆಸುಪಾಸು. ಹಲ್ಲು ನೋಡಿದೆ (ಚಟ), ಒಂದೂ ಅಲುಗಿಲ್ಲ. ಚಹಾದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು ಕೇಳಿದೆ. “ನಿಮಗ ಮ್ಯಾಲಿನ ಸ್ವರಾ ಬರ್ತೈತಲ್ರಿ. ಈ ಒಂದ ಮದವಿಗೆ ನೀವ ಮುಂದ ನಿಂತ ಊದಿದ್ರ ಮುಗೀತಲ್ಲ? ಇಷ್ಟೆಲ್ಲಾ ತ್ರಾಸ ಯಾಕ?”

ನಿಂಗಪ್ಪ ಕಪ್ಪಿನೊಳಗೆ ನೋಡುತ್ತ ಹೇಳಿದರು. “ಊದಾಕ ಬರ್ತೈತ್ರಿ. ಆದ್ರ ಹದಿನೆಂಟ ವರ್ಷ ನಾ ಅವರ ಉಸರ ಕೇಳಿ ಊದೇನ್ರಿ. ಅವ್ರು ಎಲ್ಲೆ ಉಸರ ತಗೋತಾರ, ಅಲ್ಲೆ ನಾ ತುಂಬತೇನಿ. ಮಂದಿಗೆ ಒಂದ ಟ್ರಂಪೆಟ್ ಕೇಳಿದಂಗ ಆಕೈತಿ. ಅದ ನನ್ನ ಕೆಲಸ.”

“ಬ್ಯಾಸರ ಬರಲಿಲ್ಲೇನ್ರಿ, ಹದಿನೆಂಟ ವರ್ಷ ಹಿಂದ ನಿಂತು?”

“ಬಂದಿತ್ರಿ. ಒಂದ ವರ್ಷ ಬಿಟ್ಟ ಹೋಗಿ ಡಿಜೆ ಗಾಡಿ ನಡಿಸಿದ್ನಿ. ಬಟನ್ ಒತ್ತಿದ್ರ ಹಾಡ ಬರ್ತೈತಿ. ಮಂದಿ ಕುಣೀತಾರ. ನಾ ಅಲ್ಲಿದ್ರೂ ಅಷ್ಟ, ಇಲ್ದಿದ್ರೂ ಅಷ್ಟ. ಇಲ್ಲೆ ಹಂಗಲ್ರಿ. ನಾ ಒಂದ ದಿನಾ ಬರಲಿಲ್ಲಂದ್ರ ಹಾಡಿನಾಗ ತೂತ ಬೀಳ್ತೈತಿ.” ಸ್ವಲ್ಪ ನಾಚಿಕೊಂಡು ಮುಂದುವರಿಸಿದರು. “ಮನ್ಯಾಗ ಹೇಣ್ತಿ ಅಂತಾಳ್ರಿ, ನೀ ಬ್ಯಾಂಡಿಗೆ ಹೋದ ಮ್ಯಾಲೆನ ಮಂದಿ ಮಾತ ಪೂರಾ ಕೇಳೂದ ಕಲತಿ ಅಂತ.”

ನಾನು ಮೂರು ಸಂಘಗಳ ಸದಸ್ಯೆ. ಒಂದರಲ್ಲಿ ಪದಾಧಿಕಾರಿಯೂ ಹೌದು. ಎಲ್ಲದರಲ್ಲೂ ಸಭೆ ನಡೆಯುತ್ತದೆ, ಭಾಷಣ ಆಗುತ್ತದೆ, ಒಗ್ಗಟ್ಟು ಎಂಬ ಶಬ್ದ ಹತ್ತು ಸಲ ಬರುತ್ತದೆ. ಆಮೇಲೆ ಗ್ರೂಪ್ ಫೋಟೋದಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂದು ಮುನಿಸು. ಇಷ್ಟು ವರ್ಷದಲ್ಲಿ ಇನ್ನೊಬ್ಬರಿಗಾಗಿ ನಮ್ಮಲ್ಲಿ ಯಾರಾದರೂ ಅರ್ಧ ಸ್ವರ ಕೆಳಗಿಳಿದದ್ದಿದೆಯೇ? ಇಲ್ಲಿ ಹತ್ತು ಜನ, ಒಬ್ಬರ ಎರಡು ಹಲ್ಲಿಗಾಗಿ, ಕಲಿತದ್ದನ್ನೆಲ್ಲ ಮರೆತು ಹೊಸದಾಗಿ ಕಲಿಯುತ್ತಿದ್ದರು. ಅದನ್ನು ಯಾರೂ ತ್ಯಾಗ ಎಂದು ಕರೆಯಲಿಲ್ಲ. ಚಹಾ ಮುಗಿಯಿತು, ಮತ್ತೆ ಊದಲು ನಿಂತರು.

ಮದುವೆಯ ದಿನ ನಾನು ಹಾನಗಲ್ಲಿಗೆ ಹೋದೆ. ಪರ್ಸಿನಲ್ಲಿ ಪ್ಲೇಟ್ ಅಂಟಿಸುವ ಪೇಸ್ಟಿನ ಟ್ಯೂಬ್. ಬೆಳಗಿನ ಹತ್ತು ಗಂಟೆಯ ಬಿಸಿಲು. ಕಲ್ಯಾಣ ಮಂಟಪದ ದಾರಿಯಲ್ಲಿ ಬ್ಯಾಂಡಿನವರು ನೀಲಿ ಯೂನಿಫಾರ್ಮ್ ಹಾಕಿ ಸಾಲಾಗಿ ನಿಂತಿದ್ದರು. ಅವರ ಹಿಂದೆಯೇ ಎದೆಮಟ್ಟದ ಸ್ಪೀಕರುಗಳ ಡಿಜೆ ಗಾಡಿ!

ಮದುಮಗನ ಗೆಳೆಯರು ಹೇಳದೆ ಕೇಳದೆ ತರಿಸಿದ್ದರು. ಅದು ಶುರುವಾದದ್ದೇ ತಡ, ರಸ್ತೆಯೆಲ್ಲ ಗಡಗಡ. ಖಾಸಿಂಸಾಬರು ಟ್ರಂಪೆಟ್ ಎತ್ತಿದರು. ಕೆನ್ನೆ ಉಬ್ಬಿದ್ದು ಕಂಡಿತು, ಸ್ವರ ಕೇಳಲಿಲ್ಲ. ನಿಂಗಪ್ಪ ಹಿಂದೆ ತಿರುಗಿ ನೋಡಿದರು. ಮಾಸ್ತರರು ನೋಡಲಿಲ್ಲ. ಜಗಳವಾಡಲಿಲ್ಲ, ಕೈಸನ್ನೆಯೂ ಇಲ್ಲ. ಊದುತ್ತಲೇ ಇದ್ದರು. ಉಳಿದವರೂ ಸೇರಿಕೊಂಡರು. ಹನ್ನೊಂದು ಜನ, ತಮಗೇ ಕೇಳದ ಹಾಡನ್ನು, ಒಂದು ತಾಳವೂ ತಪ್ಪದಂತೆ ಊದುತ್ತ ಬಾರಿಸುತ್ತ ನಿಂತಿದ್ದರು.

ತೆರೆದ ಜೀಪಿನಲ್ಲಿ ಮದುಮಗನ ಪಕ್ಕ ಕೂತಿದ್ದ ಲಕ್ಷ್ಮಿ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿಳಿದಳು. ಯಾರ ಮಾತಿಗೂ ನಿಲ್ಲದೆ ಬ್ಯಾಂಡಿನ ಬಲಗಡೆಗೆ, ಡ್ರಮ್ಮಿನ ಪಕ್ಕಕ್ಕೆ ಹೋಗಿ ನಿಂತಳು.

“ಏನವಾ ಇದು? ಮ್ಯಾಲ ಹತ್ತು!” ಎಂದು ಯಾರೋ ಹಿರಿಯರು ಕೂಗಿದರು.

“ನಾ ಇವ್ರ ಕೂಡ ನಡಕೋಂತ ಬರ್ತೇನ್ರಿ” ಎಂದಳು. ಅಷ್ಟೇ.

ಆಮೇಲೆ ಮದುಮಗ ಇಳಿದ. ಒಳ್ಳೆಯ ಹುಡುಗ. ಸೀದಾ ಡಿಜೆ ಗಾಡಿಯ ಹತ್ತಿರ ಹೋಗಿ, ಡ್ರೈವರಿನ ಬಾಗಿಲು ತಟ್ಟಿ, “ಬಂದ್ ಮಾಡಪಾ, ಸಾಕು” ಎಂದ. ಗೆಳೆಯರ ಮುಖ ಇಳಿಯಿತು. ಇಳಿಯಲಿ.

ಗದ್ದಲ ನಿಂತಿತು. ನಿಂತ ಕೂಡಲೇ ಕೇಳಿತು ನೋಡಿ ಬ್ಯಾಂಡು! ಅದು ಶುರುವಾಗಲಿಲ್ಲ, ಆಗಲೇ ನಡುವಿನಲ್ಲಿತ್ತು. ಸ್ವರ ಒಂದು ಮೆಟ್ಟಿಲು ತಗ್ಗಿತ್ತು, ಅದರಿಂದ ಹಾಡಿಗೆ ಏನೋ ಒಂದು ತೂಕ ಬಂದಿತ್ತು. ಮನೆಗಳ ಬಾಗಿಲಿಗೆ ಜನ ಬಂದರು. ಮದುಮಕ್ಕಳಿಬ್ಬರೂ ನಡೆದೇ ಹೊರಟರು. ಲಕ್ಷ್ಮಿಯ ಕೈ ಮದುಮಗನ ತೋಳಿನ ಮೇಲಿತ್ತು. ಡ್ರಮ್ಮಿನ ಪೆಟ್ಟು ಬಿದ್ದಾಗಲೆಲ್ಲ ಅವಳ ಬೆರಳು ಆ ತೋಳಿನ ಮೇಲೆ ಸರಿಯಾಗಿ ಬೀಳುತ್ತಿತ್ತು.

ಅರ್ಧ ದಾರಿಯಲ್ಲಿ ನಾನು ಹೆದರಿದ್ದೇ ಆಯಿತು. ಖಾಸಿಂಸಾಬರ ಮೇಲ್ದುಟಿ ಅಲುಗಿದ್ದು ಕಂಡಿತು. ಪ್ಲೇಟ್ ಜಾರಿದೆ! ಟ್ಯೂಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವರು ಟ್ರಂಪೆಟ್ ತುಸು ಇಳಿಸಿ, ಹೆಬ್ಬೆರಳಿನಿಂದ ಹಲ್ಲು ಮೇಲಕ್ಕೆ ಒತ್ತಿಕೊಂಡು, ಮತ್ತೆ ತುಟಿಗಿಟ್ಟಿದ್ದರು. ಆ ಮೂರು ನಾಲ್ಕು ಸೆಕೆಂಡು ಹಾಡು ಮಾತ್ರ ನಿಂತಿರಲಿಲ್ಲ. ನಿಂಗಪ್ಪ ತುಂಬಿದ್ದರು. ಸೇರುವ ಜಾಗವೇ ತಿಳಿಯದಂತೆ ತುಂಬಿದ್ದರು. ಅಷ್ಟು ಜನರಲ್ಲಿ ಅದು ಗೊತ್ತಾದದ್ದು ಹಲ್ಲಿನ ಡಾಕ್ಟರ್ ಒಬ್ಬಳಿಗೆ ಮಾತ್ರ ಇರಬೇಕು.

ಮಂಟಪದ ಬಾಗಿಲಲ್ಲಿ ಕೊನೆಯ ಹಾಡು ಮುಗಿಯಿತು. ಲಕ್ಷ್ಮಿ ಬಗ್ಗಿ ಖಾಸಿಂಸಾಬರ ಕಾಲು ಮುಟ್ಟಿದಳು. “ಕಾಕಾ, ಭಾಳ ಚಲೋ ಆತ್ರಿ” ಎಂದಳು. ಅವರು ನಕ್ಕರು. ನಾನು ಮೊಬೈಲ್ ತೆಗೆದು ಫೋಟೋ ಹೊಡೆದೆ. ಬ್ಯಾಂಡಿನವರೆಲ್ಲ ಪೂರ್ತಿ ಬರುವಂತೆ, ನಾಲ್ಕು ಹೆಜ್ಜೆ ಹಿಂದೆ ಸರಿದು.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ಭಾನುವಾರ ದವಾಖಾನೆಯ ಬಾಗಿಲು ತೆರೆದರೆ ಬೆಂಚಿನ ತುಂಬ ಬ್ಯಾಂಡಿನವರು! ಮುಂದೆ ಖಾಸಿಂಸಾಬ.

“ಏನಾತ್ರಿ? ಯಾರಿಗೆ ನೋವು?” ಗಾಬರಿಯಾಯಿತು.

“ಯಾರಿಗೂ ಏನೂ ಆಗಿಲ್ರಿ ಅಕ್ಕಾರ. ಅದಕ್ಕ ಕರಕೊಂಡ ಬಂದೇನಿ. ನನ್ನ ಹಲ್ಲ ಹೋದ ಮ್ಯಾಲೆ ನೀವು ಫೋಟೋ ಹುಡುಕಿ ತ್ರಾಸ ಪಟ್ರಿ. ಇವ್ರ ಹಲ್ಲ ಇನ್ನೂ ಬಾಯಾಗ ಅದಾವ. ಈಗ ಅಚ್ಚ ತಗದ ಇಟ್ಟಬಿಡ್ರಿ. ನಾಳೆ ಯಾರ ಬಿದ್ರೂ ಬ್ಯಾಂಡ್ ನಿಲ್ಲಬಾರ್ದು.”

ಊದುವವರು ಅವರನ್ನು ಬಿಟ್ಟು ಆರು ಜನ. ಒಬ್ಬೊಬ್ಬರದೇ ಅಚ್ಚು ತೆಗೆದೆ. (ಸಣ್ಣ ಡ್ರಮ್ ಬಾರಿಸುವವರೂ “ನಂದೂ ತಗೋರಿ” ಎಂದು ಹಟ ಹಿಡಿದರು. ಅವರದೂ ತೆಗೆದೆ.) ಶಾಂತಾ ಒಂದೊಂದರ ಮೇಲೂ ಚೀಟಿ ಅಂಟಿಸಿ, ಹೆಸರು ಬರೆದು, ಸಾಲಾಗಿ ಕಪಾಟಿನಲ್ಲಿಟ್ಟಳು. ಸೊಟ್ಟ, ಗಿಡ್ಡ, ಸಂದು ಬಿಟ್ಟವು, ಒಂದರ ಮೇಲೊಂದು ಏರಿದವು. ಒಂದನ್ನೂ ನೆಟ್ಟಗೆ ಮಾಡುವ ಆಸೆ ನನಗೆ ಆಗಲಿಲ್ಲ.

ಬ್ಯಾಂಡಿನ ಕಾಲ ಮುಗಿಯಿತು ಎಂದು ಹೇಳುವವರು ಒಮ್ಮೆ ಬಂದು ಆ ಕಪಾಟು ನೋಡಲಿ. ಬೀಳುವ ಮೊದಲೇ ಏಳುವ ಏರ್ಪಾಡು ಮಾಡಿಟ್ಟುಕೊಂಡವರನ್ನು ಯಾವ ಡಿಜೆ ತಾನೇ ಮುಗಿಸೀತು?